ಹಿರಿಯ ದಂಪತಿಯ ಪರದೇಶದ ಮಿಷನ್ ಸೇವೆ: ದಿನನಿತ್ಯದ ಬದುಕನ್ನು ಹೊಂದಿಸಿಕೊಳ್ಳುವ ಬಗೆ

ನಿವೃತ್ತಿಯಾದ ಮೇಲೆ ಗಂಡ ಹೆಂಡತಿ ಜೊತೆಯಾಗಿ ಒಂದೆರಡು ವರ್ಷ ಬೇರೆ ದೇಶದಲ್ಲಿ ಮಿಷನ್ ಸೇವೆಗೆ ಹೊರಟರೆ ಪ್ರಾರ್ಥನೆ, ಪಾಠ, ಮನೆಭೇಟಿ ಯಾವುದೂ ಅವರಿಗೆ ಹೊಸದಲ್ಲ. ಜೀವನವಿಡೀ ಮಾಡಿಕೊಂಡು ಬಂದ ಕೆಲಸವೇ ಅದು. ಕೈಕೊಡುವುದು ಬೇರೆಯವು. ಮುಗಿದುಹೋದ ಮಾತ್ರೆ, ಲಿಫ್ಟ್ ಇಲ್ಲದ ಮೂರನೇ ಮಹಡಿ, ನವೀಕರಣವಾಗದ ವೀಸಾ, ಬ್ಯಾಂಕಿನ ಓಟಿಪಿ ಬಾರದ ಫೋನು. ಇವೆಲ್ಲಕ್ಕಿಂತ ದೊಡ್ಡದು, ಒಬ್ಬರಿಗೆ ಕೈತುಂಬ ಕೆಲಸವಿದ್ದು ಇನ್ನೊಬ್ಬರು ದಿನವಿಡೀ ಗೋಡೆ ನೋಡುತ್ತ ಕೂರುವ ಪರಿಸ್ಥಿತಿ. ಇವುಗಳನ್ನು ಮೊದಲೇ ಸರಿಮಾಡಿಕೊಂಡರೆ ಸೇವೆಗೆ ಮನಸ್ಸೂ ಮೈಯೂ ಉಳಿಯುತ್ತವೆ. ಆದ್ದರಿಂದ ಈ ಲೇಖನ ಪೂರ್ತಿ ಇಂಥ ಸಂಗತಿಗಳ ಬಗ್ಗೆಯೇ.

ಒಪ್ಪಿಕೊಳ್ಳುವ ಮುನ್ನ ಕೇಳಬೇಕಾದದ್ದು

ಕಳುಹಿಸುವ ಸಂಸ್ಥೆಗಳ ನಿಯಮ ಒಂದೇ ಥರ ಇರುವುದಿಲ್ಲ. ಹಿರಿಯ ದಂಪತಿಗಳನ್ನು ದೊಡ್ಡ ಪ್ರಮಾಣದಲ್ಲಿ ಕಳುಹಿಸುವ ಲ್ಯಾಟರ್-ಡೇ ಸೇಂಟ್ಸ್ (ಮಾರ್ಮನ್) ಚರ್ಚಿನಲ್ಲಿ ಸೇವಾವಧಿ 6, 12, 18 ಅಥವಾ 23 ತಿಂಗಳು, ಖರ್ಚು ದಂಪತಿಯದ್ದೇ. 2011ರಲ್ಲಿ ಆ ಚರ್ಚು ಹೊರದೇಶದಲ್ಲಿರುವ ದಂಪತಿ ವಸತಿಗೆ ಕೊಡಬೇಕಾದ ಮೊತ್ತಕ್ಕೆ ತಿಂಗಳಿಗೆ 1,400 ಡಾಲರಿನ ಮಿತಿ ಹಾಕಿತು. 18 ತಿಂಗಳಿಗಿಂತ ಕಡಿಮೆ ಅವಧಿಗೆ ಹೊರದೇಶಕ್ಕೆ ಹೋಗುವವರು ಪ್ರಯಾಣದ ಖರ್ಚನ್ನೂ ತಾವೇ ಹೊತ್ತರೆ ಹೋಗಬಹುದು ಎಂದೂ ಆಗಲೇ ಹೇಳಿತು. ಬೇರೆ ಸಂಸ್ಥೆಗಳಲ್ಲಿ ಭತ್ಯೆ ಇರಬಹುದು, ಬೆಂಬಲ ಕೊಡುವ ಚರ್ಚ್ ಸಭೆಗಳಿಂದ ಹಣ ಬರಬಹುದು. ಯಾವುದೇ ಆಗಲಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಈ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ:

- ಬಾಡಿಗೆ, ಮುಂಗಡ, ವಿದ್ಯುತ್ತು, ನೀರು, ವಾಹನ, ಇಂಧನ ಇವುಗಳಲ್ಲಿ ಯಾವುದು ಯಾರ ಖರ್ಚು?
- ಆರೋಗ್ಯ ವಿಮೆ ಮೊದಲಿನಿಂದ ಇರುವ ಕಾಯಿಲೆಯನ್ನು ಒಳಗೊಳ್ಳುತ್ತದೆಯೇ? ಬೇರೆ ದೇಶಕ್ಕೆ ರೋಗಿಯನ್ನು ಸಾಗಿಸುವ ಖರ್ಚು? ಅಲ್ಲೇ ತೀರಿಕೊಂಡರೆ ದೇಹ ತರಿಸುವ ಖರ್ಚು?
- ಇಬ್ಬರಿಗೂ ಬೇರೆ ಬೇರೆ ಹೊಣೆ ಇದೆಯೇ, ಅಥವಾ ಒಬ್ಬರ ಹೆಸರಿಗೆ ಮಾತ್ರವೇ?
- ಮನೆಯಲ್ಲಿ ತುರ್ತು ಬಂದರೆ ಎಷ್ಟು ದಿನ ಹೋಗಿ ಬರಬಹುದು, ಯಾರ ಖರ್ಚಿನಲ್ಲಿ?
- ಇಡೀ ದೇಶದಲ್ಲಿ ನಮ್ಮ ಜವಾಬ್ದಾರಿ ಹೊತ್ತ ಒಬ್ಬ ವ್ಯಕ್ತಿ ಯಾರು, ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು?

ದೇಹ ತರಿಸುವ ಪ್ರಶ್ನೆ ಕೇಳಲು ನಾಲಿಗೆ ತಡವರಿಸುತ್ತದೆ. ಆದರೂ ಕೇಳಲೇಬೇಕು. ಉತ್ತರ ಗೊತ್ತಿಲ್ಲದೆ ಹೊರಟರೆ ಆ ಹೊರೆ ಮಕ್ಕಳ ಮೇಲೆ, ಅದೂ ಅವರ ಅತ್ಯಂತ ಕೆಟ್ಟ ದಿನದಲ್ಲಿ ಬೀಳುತ್ತದೆ.

ವಿಮೆಯ ಪತ್ರದಲ್ಲಿ ಒಂದು ಷರತ್ತನ್ನು ಹುಡುಕಿ ಓದಿ. ಇರುವ ಕಾಯಿಲೆ 'ಸ್ಥಿರ'ವಾಗಿರಬೇಕು ಎಂದು ಹಲವು ಪಾಲಿಸಿಗಳು ಹೇಳುತ್ತವೆ. ವಿಮೆ ಶುರುವಾಗುವ ಹಿಂದಿನ ಕೆಲವು ತಿಂಗಳಲ್ಲಿ ಮಾತ್ರೆಯ ಪ್ರಮಾಣ ಬದಲಾದರೂ ಕಾಯಿಲೆ ಸ್ಥಿರವಲ್ಲ ಎಂದು ಹೇಳಿ ಹಣ ನಿರಾಕರಿಸಬಹುದು. ಪ್ರಮಾಣ ಕಡಿಮೆಯಾಗಿದ್ದರೂ ಅಷ್ಟೇ. ಹಾಗಾಗಿ ಔಷಧ ಬದಲಿಸಬೇಕಿದ್ದರೆ ಹೊರಡುವ ಆರು ತಿಂಗಳು ಮೊದಲೇ ವೈದ್ಯರ ಜೊತೆ ಕೂತು ಬದಲಿಸಿಕೊಳ್ಳುವುದು ಜಾಣತನ.

ವೀಸಾ ಎರಡು, ನಿಯಮವೂ ಎರಡು

ಇಲ್ಲಿ ಎಡವುವವರು ಬಹಳ. ಅನೇಕ ದೇಶಗಳಲ್ಲಿ ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಧಾರ್ಮಿಕ ಕಾರ್ಯಕರ್ತರ ವೀಸಾ, ಇನ್ನೊಬ್ಬರಿಗೆ ಅವಲಂಬಿತರ ವೀಸಾ ಸಿಗುತ್ತದೆ. ಉದಾಹರಣೆಗೆ ಅಮೆರಿಕದಲ್ಲಿ ಧಾರ್ಮಿಕ ಕಾರ್ಯಕರ್ತರಿಗೆ ಆರ್-1, ಮೊದಲ ಬಾರಿಗೆ 30 ತಿಂಗಳವರೆಗೆ, ಒಟ್ಟು 5 ವರ್ಷದವರೆಗೆ. ಸಂಗಾತಿಗೆ ಆರ್-2, ಅದರಲ್ಲಿ ಉದ್ಯೋಗ ಮಾಡುವಂತಿಲ್ಲ. ಕೆಲವು ದೇಶಗಳು ಸಂಬಳವಿಲ್ಲದ ಸೇವೆಯನ್ನೂ ಕೆಲಸ ಎಂದೇ ಎಣಿಸುತ್ತವೆ. ಅವಲಂಬಿತರ ವೀಸಾದಲ್ಲಿ ಏನೇನು ಮಾಡಬಹುದು ಎಂದು ಸಂಸ್ಥೆಯ ವಕೀಲರಿಂದ ಕೇಳಿ ತಿಳಿಯಿರಿ. ಸಾಧ್ಯವಿದ್ದಲ್ಲಿ ಇಬ್ಬರಿಗೂ ಧಾರ್ಮಿಕ ಕಾರ್ಯಕರ್ತರ ವೀಸಾ ಕೇಳಿ.

ಕಾಗದಗಳು: ಪಾಸ್‌ಪೋರ್ಟಿನ ಅವಧಿ ಸೇವಾವಧಿ ಮುಗಿದ ಮೇಲೂ ಕನಿಷ್ಠ 6 ತಿಂಗಳು ಇರಲಿ. ಇಲ್ಲದಿದ್ದರೆ ಹೊರಡುವ ಮೊದಲೇ ಹೊಸದು ಮಾಡಿಸಿ, ಏಕೆಂದರೆ ನಡುವೆ ಪಾಸ್‌ಪೋರ್ಟ್ ಸಂಖ್ಯೆ ಬದಲಾದರೆ ವಾಸದ ಪರವಾನಗಿ, ಬ್ಯಾಂಕು, ಸಿಮ್ ಎಲ್ಲವನ್ನೂ ಮತ್ತೆ ತಿದ್ದಿಸಬೇಕಾಗುತ್ತದೆ. ಮದುವೆ ಪ್ರಮಾಣಪತ್ರ, ಜನನ ಪ್ರಮಾಣಪತ್ರ, ಪೊಲೀಸ್ ಪ್ರಮಾಣಪತ್ರಗಳಿಗೆ ಅಪೋಸ್ಟಿಲ್ (ದಾಖಲೆ ಅಸಲಿ ಎಂದು ಸರ್ಕಾರ ಹಾಕಿಕೊಡುವ, ಬೇರೆ ದೇಶಗಳೂ ಒಪ್ಪುವ ಮುದ್ರೆ) ಬೇಕಾಗುತ್ತದೆ. ಈ ಮುದ್ರೆಯ ಕುರಿತ 1961ರ ಹೇಗ್ ಒಪ್ಪಂದಕ್ಕೆ ಸೇರದ ದೇಶವಾದರೆ ಅಪೋಸ್ಟಿಲ್ ಸಾಲದು, ಆ ದೇಶದ ರಾಯಭಾರ ಕಚೇರಿಯ ದೃಢೀಕರಣವೇ ಬೇಕು. ಹಳೆಯ ಮದುವೆಗಳಲ್ಲಿ ಪ್ರಮಾಣಪತ್ರದ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ಒಂದು ಅಕ್ಷರ ಹೊಂದದೆ ಅರ್ಜಿ ಮರಳುವುದುಂಟು. ನಾಲ್ಕೈದು ತಿಂಗಳು ಮೊದಲೇ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ ನೋಡಿ.

ಇನ್ನೊಂದು ಮಾತು, ಧರ್ಮಪ್ರಚಾರದ ಕಾನೂನು. ಗ್ರೀಸ್ ಸಂವಿಧಾನದ 13ನೇ ವಿಧಿ ಮತಪ್ರಚಾರದ ಒತ್ತಾಯವನ್ನು ನಿಷೇಧಿಸುತ್ತದೆ. ರಷ್ಯಾದಲ್ಲಿ 2016ರ ಕಾನೂನು ಆರಾಧನಾ ಸ್ಥಳಗಳ ಹೊರಗಿನ ಪ್ರಚಾರವನ್ನು ಬಿಗಿಗೊಳಿಸಿತು. ನೇಪಾಳದಲ್ಲಿ 2018ರಿಂದ ಜಾರಿಯಲ್ಲಿರುವ ಅಪರಾಧ ಸಂಹಿತೆಯ ಪ್ರಕಾರ ಮತಾಂತರ ಮಾಡಿಸುವುದು ಶಿಕ್ಷಾರ್ಹ, ವಿದೇಶಿಯರಾದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ಹೋಗುವ ದೇಶದಲ್ಲಿ ಬೀದಿಯಲ್ಲಿ ಕರಪತ್ರ ಕೊಡಬಹುದೇ, ಮನೆಗೆ ಕರೆದು ಪ್ರಾರ್ಥಿಸಬಹುದೇ, ಮಕ್ಕಳಿಗೆ ಪಾಠ ಹೇಳಬಹುದೇ ಎಂಬ ಮೂರು ಪ್ರಶ್ನೆಗೂ ಸ್ಥಳೀಯ ಸಭೆಯ ಹಿರಿಯರಿಂದಲೇ ಉತ್ತರ ಪಡೆಯಿರಿ. ನಿಮ್ಮ ಒಂದು ತಪ್ಪಿಗೆ ನಿಮಗೆ ಹಲವು ಸಲ ಸಿಗುವುದು ವಾಪಸಾತಿಯ ವಿಮಾನ. ಅಲ್ಲಿಯ ಸಭೆಯವರಿಗೆ ಜೈಲೇ ಸಿಗಬಹುದು. ಅವರ ಮುಖ ಕಾಣುವ ಫೋಟೊ, ಊರಿನ ಹೆಸರು ಇವುಗಳನ್ನು ವಾಟ್ಸ್ಯಾಪ್, ಫೇಸ್‌ಬುಕ್ಕಿಗೆ ಹಾಕುವ ಮುನ್ನವೂ ಇದೇ ಎಚ್ಚರ ಇರಲಿ.

ಔಷಧ: ಅತಿ ಹೆಚ್ಚು ಸಮಯ ಕೊಡಬೇಕಾದ ಭಾಗ

ಮೊದಲು ಒಂದು ಪಟ್ಟಿ ಮಾಡಿ. ಪ್ರತಿಯೊಬ್ಬರಿಗೂ ಒಂದು ಪುಟ. ಔಷಧದ ಬ್ರಾಂಡ್ ಹೆಸರಲ್ಲ, ಒಳಗಿನ ಮೂಲದ್ರವ್ಯದ ಹೆಸರು, ಮಿಲಿಗ್ರಾಂ, ಎಷ್ಟು ಹೊತ್ತಿಗೆ, ಯಾವ ಕಾಯಿಲೆಗೆ, ಅಲರ್ಜಿ, ರಕ್ತದ ಗುಂಪು. ಇದನ್ನು ವೈದ್ಯರ ಮುದ್ರೆಯೊಂದಿಗೆ ಇಂಗ್ಲಿಷಿನಲ್ಲಿ ಮಾಡಿಸಿ, ಹೋಗುವ ದೇಶದ ಭಾಷೆಗೂ ಅನುವಾದಿಸಿಕೊಳ್ಳಿ. ಬ್ರಾಂಡ್ ಹೆಸರು ದೇಶ ದಾಟಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮೂಲದ್ರವ್ಯದ ಹೆಸರೂ ಕೆಲವೊಮ್ಮೆ ಬದಲಾಗುತ್ತದೆ: ಪ್ಯಾರಾಸಿಟಮಾಲ್ ಅಮೆರಿಕ, ಜಪಾನಿನಲ್ಲಿ ಅಸಿಟಮಿನೋಫೆನ್, ಸಾಲ್ಬುಟಮಾಲ್ ಅಮೆರಿಕದಲ್ಲಿ ಆಲ್ಬುಟೆರಾಲ್, ಗ್ಲಿಬೆನ್‌ಕ್ಲಮೈಡ್ ಅಲ್ಲಿ ಗ್ಲೈಬುರೈಡ್. ಎರಡು ಹೆಸರು ಎರಡು ಔಷಧ ಅಂದುಕೊಂಡು ಇಮ್ಮಡಿ ನುಂಗುವ ಅಪಾಯ ಇರುವುದು ಇಲ್ಲಿಯೇ.

ಎಷ್ಟು ಒಯ್ಯಬೇಕು? ದೇಶ ಅನುಮತಿಸಿದರೆ 90 ದಿನದ್ದು. ಅರ್ಧ ಒಬ್ಬರ ಕೈಚೀಲದಲ್ಲಿ, ಉಳಿದರ್ಧ ಇನ್ನೊಬ್ಬರ ಕೈಚೀಲದಲ್ಲಿ. ಸಾಮಾನಿನ ಪೆಟ್ಟಿಗೆಗೆ ಹಾಕಬೇಡಿ. ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ತುಂಬಿಸಿ ಒಯ್ದರೆ ಕಸ್ಟಮ್ಸ್‌ನವರಿಗೆ ಅದು ಏನೆಂದು ತೋರಿಸಲು ದಾರಿಯೇ ಇರುವುದಿಲ್ಲ. ಜಪಾನಿಗೆ ವೈದ್ಯರು ಬರೆದ ಔಷಧ ಒಂದು ತಿಂಗಳಿಗಿಂತ ಹೆಚ್ಚಿನದು ಒಯ್ಯುವುದಾದರೆ ಮೊದಲೇ ಆಮದು ಪ್ರಮಾಣಪತ್ರ ಪಡೆಯಬೇಕು. ಮಂಡಿನೋವಿಗೆ ಬರೆಯುವ ಟ್ರಮಡಾಲ್, ಕೆಮ್ಮಿನ ಔಷಧದ ಕೊಡೀನ್ ಇವಕ್ಕೆ ಯುಎಇಯಂಥ ದೇಶಗಳಲ್ಲಿ ಮುಂಗಡ ಅನುಮತಿ ಬೇಕು. ಇಲ್ಲದಿದ್ದರೆ ಬಂಧನವೂ ಆಗಬಹುದು.

ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಎರಡು ಸಲ ಓದಿ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು, ಹೆಪ್ಪುಗಟ್ಟಿದರೆ ಕೆಟ್ಟಂತೆ. ವಿಮಾನದ ಸಾಮಾನು ಕೋಣೆಯಲ್ಲಿ ಹೆಪ್ಪುಗಟ್ಟಬಹುದಾದ್ದರಿಂದ ಕೈಚೀಲದಲ್ಲೇ ಇರಲಿ. ಹೆಚ್ಚಿನ ದೇಶಗಳಲ್ಲಿ ಸಿಗುವುದು ಯು-100, ಅಂದರೆ ಒಂದು ಮಿಲಿಲೀಟರಿಗೆ 100 ಯೂನಿಟ್. ಕೆಲವು ದೇಶಗಳಲ್ಲಿ ಯು-40 ಸೀಸೆ ಇನ್ನೂ ಬಳಕೆಯಲ್ಲಿದೆ, ಅದಕ್ಕೆ ಸಿರಿಂಜೂ ಬೇರೆ. ಹಳೆಯ ಯು-40 ಸಿರಿಂಜಿನಲ್ಲಿ ಹೊಸ ದೇಶದ ಯು-100 ಇನ್ಸುಲಿನ್ ಅನ್ನು 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು! ಇನ್ಸುಲಿನ್ ಪೆನ್ನಿಗೆ ಬದಲಾಗುವುದೇ ಇದಕ್ಕೆ ಸುಲಭದ ಪರಿಹಾರ. ಹೊರಡುವ ಎರಡು ತಿಂಗಳು ಮೊದಲೇ ಬದಲಾಗಿ ಅಭ್ಯಾಸ ಮಾಡಿಕೊಳ್ಳಿ.

ಪರೀಕ್ಷಾ ವರದಿಯ ಲೆಕ್ಕವೂ ಬದಲಾಗುತ್ತದೆ. ಸಕ್ಕರೆಯನ್ನು ಮಿಲಿಗ್ರಾಂನಲ್ಲಿ ನೋಡಿ ಅಭ್ಯಾಸವಾದವರಿಗೆ ಅಲ್ಲಿ 7.0 ಎಂದು ಬಂದರೆ ಗಾಬರಿಯಾಗುತ್ತದೆ. ಅದು ಮಿಲಿಮೋಲ್, 18ರಿಂದ ಗುಣಿಸಿದರೆ 126. ಮೂತ್ರಪಿಂಡದ ಪರೀಕ್ಷೆಯ ಕ್ರಿಯಾಟಿನಿನ್ ಮೈಕ್ರೋಮೋಲಿನಲ್ಲಿ ಬಂದರೆ 88.4ರಿಂದ ಭಾಗಿಸಿ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆ ಸರಾಸರಿಯ ಪರೀಕ್ಷೆ) 53 ಎಂದರೆ ನಿಮ್ಮ ಹಳೆಯ 7 ಶೇಕಡ. ಈ ಮೂರನ್ನೂ ಮಾತ್ರೆ ಡಬ್ಬಿಯ ಮುಚ್ಚಳದ ಒಳಗೆ ಚೀಟಿ ಅಂಟಿಸಿಡಿ.

ಸಮಯ ವಲಯ ದಾಟುವಾಗ ದಿನಕ್ಕೊಂದು ಮಾತ್ರೆಯ ಹೊತ್ತು ಬದಲಿಸುವುದು ಸಾಮಾನ್ಯವಾಗಿ ಕಷ್ಟವಲ್ಲ. ಇನ್ಸುಲಿನ್, ರಕ್ತ ತೆಳುವಾಗಿಸುವ ಔಷಧ, ಫಿಟ್ಸ್ ಮತ್ತು ಪಾರ್ಕಿನ್ಸನ್ ಮಾತ್ರೆ ಹಾಗಲ್ಲ. ಪ್ರಯಾಣದ ದಿನಕ್ಕೆ ಗಂಟೆವಾರು ಪಟ್ಟಿಯನ್ನು ವೈದ್ಯರಿಂದಲೇ ಬರೆಸಿಕೊಳ್ಳಿ. ವಾರ್ಫರಿನ್ (ರಕ್ತ ತೆಳುವಾಗಿಸುವ ಮಾತ್ರೆ) ನುಂಗುವವರಿಗೆ ಊಟದಲ್ಲಿ ಸೊಪ್ಪು ಹೆಚ್ಚುಕಡಿಮೆಯಾದರೂ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಏರುಪೇರಾಗುತ್ತದೆ. ಊಟ ಬದಲಾಗುವುದು ಖಚಿತವಾದ್ದರಿಂದ ತಲುಪಿದ ಮೊದಲ ಎರಡು ವಾರದೊಳಗೆ ಒಂದು ಪರೀಕ್ಷೆ ಮಾಡಿಸಿ.

ಮನೆಯಲ್ಲಿ ಏಳು ದಿನ, ನಾಲ್ಕು ಹೊತ್ತಿನ ಮಾತ್ರೆ ಡಬ್ಬಿ ಎರಡು ಬೇರೆ ಬಣ್ಣದವು ಇರಲಿ. ವಾರಕ್ಕೊಮ್ಮೆ ಒಬ್ಬರು ತುಂಬಬೇಕು, ಇನ್ನೊಬ್ಬರು ಪಟ್ಟಿ ಹಿಡಿದು ಎಣಿಸಬೇಕು. ಮೂರು ವಾರದ ಮಾತ್ರೆ ಉಳಿದಾಗಲೇ ಹೊಸದಕ್ಕೆ ಓಡಾಟ ಶುರುವಾಗಲಿ, ಏಕೆಂದರೆ ಹೊಸ ದೇಶದಲ್ಲಿ ಹಳೆಯ ಚೀಟಿ ನಡೆಯದೆ ಅಲ್ಲಿಯ ವೈದ್ಯರ ಸಮಯ ಸಿಗಲು ಕಾಯಬೇಕಾಗುತ್ತದೆ.

ಹಳದಿ ಜ್ವರದ ಲಸಿಕೆ ಬೇಕಾದ ದೇಶವಾದರೆ ಕನಿಷ್ಠ 10 ದಿನ ಮೊದಲು ಹಾಕಿಸಿರಬೇಕು. 2016ರಿಂದ ಆ ಪ್ರಮಾಣಪತ್ರ ಜೀವನಪರ್ಯಂತ ಮಾನ್ಯ. ಆದರೆ 60 ದಾಟಿದ ಮೇಲೆ ಮೊದಲ ಬಾರಿ ಹಾಕಿಸಿಕೊಳ್ಳುವವರಿಗೆ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಹೆಚ್ಚು. ವೈದ್ಯರು ಬೇಡವೆಂದರೆ ವಿನಾಯಿತಿ ಪತ್ರ ಕೇಳಿ ಪಡೆಯಿರಿ.

ಕನ್ನಡಕ ಇನ್ನೊಂದು ಜೊತೆ, ಅದರ ನಂಬರಿನ ಚೀಟಿ ಬೇರೆಯಾಗಿ. ಕಿವಿಯ ಯಂತ್ರದ ಬ್ಯಾಟರಿಗೆ ಬಣ್ಣದ ಗುರುತು ಎಲ್ಲ ದೇಶದಲ್ಲೂ ಒಂದೇ: ಅಳತೆ 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಭಾಷೆ ಬಾರದಿದ್ದರೂ ಬಣ್ಣ ತೋರಿಸಿ ಕೊಳ್ಳಬಹುದು.

ಮನೆ ಆರಿಸುವಾಗ

ಸಂಸ್ಥೆಯವರು ತೋರಿಸಿದ ಮೊದಲ ಮನೆಗೇ ಹೂಂ ಅನ್ನಬೇಡಿ. ಸಂಕೋಚ ಬೇಡ. ನೋಡಬೇಕಾದ ಕ್ರಮ ಹೀಗೆ. ಲಿಫ್ಟ್ ಇದ್ದರೂ ಮೆಟ್ಟಿಲು ಹತ್ತಿ ನೋಡಿ, ವಿದ್ಯುತ್ ಹೋದ ದಿನ ಹತ್ತಬೇಕಾದದ್ದು ಅದನ್ನೇ. ಹಾಸಿಗೆಯಿಂದ ಬಚ್ಚಲಿಗೆ ರಾತ್ರಿ ನಡೆಯುವ ದಾರಿಯಲ್ಲಿ ಹೊಸ್ತಿಲು, ಜಾರುವ ಚಾಪೆ ಇವೆಯೇ ನೋಡಿ. ಹಿರಿಯರು ಬೀಳುವ ಅಪಾಯ ಈ ಹತ್ತು ಹೆಜ್ಜೆಯಲ್ಲಿ ಹೆಚ್ಚು. ಕಮೋಡ್ ಪಕ್ಕ, ಸ್ನಾನದ ಜಾಗದಲ್ಲಿ ಗೋಡೆಗೆ ತಿರುಪು ಹಾಕಿದ ಹಿಡಿಕೆ ಇರಲಿ. ಹೀರುಬಟ್ಟಲಿನಂತೆ ಗೋಡೆಗೆ ಒತ್ತಿ ಅಂಟಿಸುವ ಹಿಡಿಕೆ ಮೈಭಾರ ತಡೆಯುವುದಿಲ್ಲ, ನಂಬಿ ಹಿಡಿದಾಗಲೇ ಕಿತ್ತುಬರುತ್ತದೆ. ಮಾಲೀಕರು ತೂತು ಕೊರೆಯಲು ಬಿಡದಿದ್ದರೆ ನೆಲಕ್ಕೆ ನಿಲ್ಲುವ ಚೌಕಟ್ಟು ತಂದುಕೊಳ್ಳಿ. ದಾರಿಗೆ ಎರಡು ರಾತ್ರಿ ದೀಪ ಸಾಕು.

ಬಿಸಿ ಮಾಡಲು ಗ್ಯಾಸ್ ಹೀಟರ್ ಅಥವಾ ಇದ್ದಿಲು ಬಳಸುವ ಊರಾದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ. ಆ ಅನಿಲಕ್ಕೆ ವಾಸನೆ ಇಲ್ಲ. ಇಬ್ಬರಿಗೂ ಬೆಳಗ್ಗೆ ತಲೆನೋವಿದ್ದು ಹೊರಗೆ ಹೋದ ಮೇಲೆ ಕಡಿಮೆಯಾದರೆ ಅದು ಹವೆಯ ಬದಲಾವಣೆಯಲ್ಲ, ಇದೇ ಎಂದು ತಿಳಿದು ಹೀಟರ್ ಆರಿಸಿ, ಕಿಟಕಿ ತೆರೆದು ಹೊರಬನ್ನಿ.

ವಿದ್ಯುತ್ತು: ಜಪಾನಿನಲ್ಲಿ 100 ವೋಲ್ಟ್, ಉತ್ತರ ಅಮೆರಿಕದಲ್ಲಿ 120, ಯುರೋಪಿನಲ್ಲಿ 230. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಫೋನ್ ಚಾರ್ಜರು, ನಿದ್ದೆಯಲ್ಲಿ ಉಸಿರಾಟಕ್ಕೆ ನೆರವಾಗುವ ಹೆಚ್ಚಿನ ಸಿಪ್ಯಾಪ್ ಯಂತ್ರಗಳ ಮೇಲೆ 100–240 ಎಂದು ಬರೆದಿರುತ್ತದೆ, ಅವು ನಡೆಯುತ್ತವೆ. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಬಿಸಿನೀರಿನ ಕೆಟಲ್ ಒಯ್ಯುವುದು ವ್ಯರ್ಥ ಭಾರ.

ಕುಡಿಯುವ ನೀರಿನ ಬಗ್ಗೆ ಅನುಮಾನವಿದ್ದರೆ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಡಿ. 2,000 ಮೀಟರಿಗಿಂತ ಎತ್ತರದ ಊರಾದರೆ ನೀರು ಕಡಿಮೆ ಶಾಖದಲ್ಲೇ ಕುದಿಯುವುದರಿಂದ ಮೂರು ನಿಮಿಷ.

ತಲುಪಿದ ಮೊದಲ ಹತ್ತು ದಿನ

ಉತ್ಸಾಹದಲ್ಲಿ ಮೊದಲ ದಿನವೇ ಸಭೆ, ಭೇಟಿ, ಭಾಷಣ ಒಪ್ಪಿಕೊಂಡು ನಾಲ್ಕನೇ ದಿನ ಜ್ವರ ಬಂದು ಮಲಗುವುದು ಅಪರೂಪವಲ್ಲ. ದೂರದ ವಿಮಾನದಲ್ಲಿ ಗಂಟೆಗೊಮ್ಮೆ ಎದ್ದು ನಡೆದು, ಪಾದ ಮೇಲೆ ಕೆಳಗೆ ಆಡಿಸುತ್ತಿದ್ದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದಾದ್ದರಿಂದ ಇಳಿದ ಮೇಲೆ ಎರಡು ವಾರ ಕಾಲಿನ ಮೇಲೆ ಕಣ್ಣಿಡಿ. ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಿ.

1. ಮೊದಲ ದಿನ: ನಿದ್ದೆ, ಮಾತ್ರೆ, ಮನೆಯ ನೀರಿನ ವಾಲ್ವ್, ಗ್ಯಾಸ್ ವಾಲ್ವ್, ಮೇನ್ ಸ್ವಿಚ್ ಎಲ್ಲಿವೆ ಎಂದು ಇಬ್ಬರೂ ಕೈಯಿಟ್ಟು ನೋಡುವುದು.
2. ಎರಡನೇ ದಿನ: ಸ್ಥಳೀಯ ಸಿಮ್, ತುರ್ತು ಸಂಖ್ಯೆ, ಮನೆಯ ವಿಳಾಸವನ್ನು ಸ್ಥಳೀಯ ಲಿಪಿಯಲ್ಲಿ ಬರೆದ ಚೀಟಿ ಇಬ್ಬರ ಜೇಬಿಗೂ.
3. ಮೂರನೇ ದಿನ: ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲವರೆಗೆ ಒಮ್ಮೆ ಹೋಗಿ ಬರುವುದು. ದಾರಿ, ಹಿಡಿಯುವ ಹೊತ್ತು, ಮುಂಗಡ ಹಣ ಕೇಳುತ್ತಾರೆಯೇ ಎಂಬುದು ತಿಳಿದಿರಲಿ.
4. ವಾರದೊಳಗೆ: ವಿದೇಶಿಯರ ನೋಂದಣಿ. ಹಲವು ದೇಶಗಳಲ್ಲಿ ಇದಕ್ಕೆ ಗಡುವು ದಿನಗಳ ಲೆಕ್ಕದಲ್ಲಿದೆ, ತಪ್ಪಿದರೆ ದಂಡ. ಸ್ವದೇಶದ ರಾಯಭಾರ ಕಚೇರಿಯಲ್ಲೂ ಹೆಸರು ಬರೆಸಿ.
5. ಹತ್ತನೇ ದಿನದ ಹೊತ್ತಿಗೆ: ಅಂಗಡಿ, ಬಸ್ಸು, ಔಷಧದಂಗಡಿ ಈ ಮೂರಕ್ಕೂ ಇಬ್ಬರೂ ಒಬ್ಬೊಬ್ಬರೇ ಹೋಗಿ ಬಂದಿರಬೇಕು.

ಕೊನೆಯದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಯಾವಾಗಲೂ ಜೊತೆಗೇ ಹೋಗುವ ದಂಪತಿಯಲ್ಲಿ ಒಬ್ಬರು ಹಾಸಿಗೆ ಹಿಡಿದ ದಿನ ಇನ್ನೊಬ್ಬರಿಗೆ ಔಷಧದಂಗಡಿಯ ದಾರಿಯೂ ಗೊತ್ತಿರುವುದಿಲ್ಲ.

ಭಾಷೆ ಕಲಿಯಲು ದಿನಕ್ಕೆ 20 ನಿಮಿಷ ಬೆಳಗ್ಗೆಯೇ ಇಡಿ. ವ್ಯಾಕರಣ ಆಮೇಲೆ. ಮೊದಲು ಒಂದರಿಂದ ನೂರು, ನಮಸ್ಕಾರ, 'ನಿಧಾನವಾಗಿ ಹೇಳಿ', 'ಎದೆ ನೋಯುತ್ತಿದೆ', 'ನನ್ನ ಹೆಂಡತಿ ಬಿದ್ದಿದ್ದಾಳೆ', 'ಆಂಬುಲೆನ್ಸ್ ಕರೆಸಿ'. ಕಡೆಯ ಮೂರು ವಾಕ್ಯ ಫೋನಿನಲ್ಲಿ ಹೇಳಿದರೆ ಅರ್ಥವಾಗುತ್ತದೆಯೇ ಎಂದು ಪಕ್ಕದ ಮನೆಯವರ ಮುಂದೆ ಹೇಳಿ ತಿದ್ದಿಸಿಕೊಳ್ಳಿ.

ದಿನ ಮತ್ತು ವಾರ

ಇಪ್ಪತ್ತರ ಹರೆಯದ ಮಿಷನರಿಗಳ ವೇಳಾಪಟ್ಟಿ ನಿಮಗಲ್ಲ. ಹಿರಿಯ ದಂಪತಿಗೆ ನಡೆಯುವಂಥ ದಿನ ಸುಮಾರು ಹೀಗಿರುತ್ತದೆ: ಬೆಳಗ್ಗೆ ಪ್ರಾರ್ಥನೆ, ನಡಿಗೆ, ಭಾಷೆ. ಒಂಬತ್ತರಿಂದ ಹನ್ನೆರಡೂವರೆವರೆಗೆ ಮುಖ್ಯ ಕೆಲಸ. ಊಟದ ನಂತರ ಒಂದು ಗಂಟೆ ವಿಶ್ರಾಂತಿ, ಇದನ್ನು ಯಾರಿಗೂ ಬಿಟ್ಟುಕೊಡಬೇಡಿ. ಮೂರರಿಂದ ಐದೂವರೆ ಭೇಟಿ ಅಥವಾ ಕಚೇರಿ. ವಾರಕ್ಕೆ ಎರಡು ಸಂಜೆ ಮಾತ್ರ ಹೊರಗಿನ ಕಾರ್ಯಕ್ರಮ. ಸಭೆಗಳಿಗೆ ಸಂಜೆಯೇ ಅನುಕೂಲವಾದ್ದರಿಂದ ಆಹ್ವಾನಗಳೆಲ್ಲ ಆ ಹೊತ್ತಿಗೇ ಬರುತ್ತವೆ. ನಾಲ್ಕು ಸಂಜೆ ಒಪ್ಪಿಕೊಂಡರೆ ಬೆಳಗಿನ ಕೆಲಸ ತಾನಾಗಿ ಕೆಡುತ್ತದೆ.

ವಾರದಲ್ಲಿ ಒಂದು ದಿನ ಪೂರ್ತಿ ಮನೆಗೆಲಸಕ್ಕೆ. ಬಟ್ಟೆ, ಸಂತೆ, ಕ್ಷೌರ, ಮಾತ್ರೆ ಡಬ್ಬಿ, ಲೆಕ್ಕ, ಮಕ್ಕಳ ಜೊತೆ ಮಾತು. ಆ ದಿನ ಫೋನ್ ಬಂದರೆ 'ನಾಳೆ ಬರುತ್ತೇವೆ' ಎಂದು ಹೇಳುವ ಅಭ್ಯಾಸವನ್ನು ಮೊದಲ ವಾರದಿಂದಲೇ ಮಾಡಿ. ಆರು ತಿಂಗಳಾದ ಮೇಲೆ ಶುರುಮಾಡಿದರೆ ಜನ ಬೇಸರಪಡುತ್ತಾರೆ.

ವಾಂತಿಭೇದಿ ಬಂದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣಂದಾಜು ಬೇಡ. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ, ಮೆಟ್‌ಫಾರ್ಮಿನ್ ಇವನ್ನು ಅಂಥ ದಿನ ಮುಂದುವರಿಸಬೇಕೇ ನಿಲ್ಲಿಸಬೇಕೇ ಎಂದು ಹೊರಡುವ ಮೊದಲೇ ವೈದ್ಯರಿಂದ ಬರೆಸಿ ತಂದಿರಬೇಕು.

ಇಬ್ಬರೂ ಇಪ್ಪತ್ತನಾಲ್ಕು ಗಂಟೆ

ನಲವತ್ತು ವರ್ಷ ಸಂಸಾರ ಮಾಡಿದವರೂ ಇಪ್ಪತ್ತನಾಲ್ಕು ಗಂಟೆ ಎರಡು ಕೋಣೆಯೊಳಗೆ, ಬೇರೆ ಮಾತಾಡಲು ಯಾರೂ ಇಲ್ಲದೆ ಇದ್ದಿರುವುದಿಲ್ಲ. ಮೊದಲ ಎರಡು ತಿಂಗಳು ಹೊಸತನದಲ್ಲಿ ಕಳೆಯುತ್ತದೆ. ಮೂರನೇ ತಿಂಗಳಲ್ಲಿ ಸಣ್ಣದಕ್ಕೆಲ್ಲ ಸಿಡುಕು, ಮೌನ, ನಿದ್ದೆಗೇಡು ಕಾಣಿಸಿದರೆ ಅದಕ್ಕೆ ಕಾರಣ ಹುಡುಕಬೇಕಾದದ್ದು ಪ್ರೀತಿಯಲ್ಲಲ್ಲ, ಕೆಲಸದ ಹಂಚಿಕೆಯಲ್ಲಿ.

ಸಾಮಾನ್ಯವಾಗಿ ಆಗುವುದು ಇಷ್ಟು. ಗಂಡನಿಗೆ ಕಚೇರಿ, ಲೆಕ್ಕಪತ್ರ, ಬೋಧನೆ. ಹೆಂಡತಿಗೆ ಅದೇ ಹಳೆಯ ಅಡುಗೆಮನೆ, ಅದೂ ಪರಿಚಯವಿಲ್ಲದ ಒಲೆ, ಪರಿಚಯವಿಲ್ಲದ ತರಕಾರಿ, ಬಂದು ಹೋಗುವ ಅತಿಥಿಗಳು. ಇದನ್ನು ಮೊದಲ ತಿಂಗಳಲ್ಲೇ ಮುರಿಯಬೇಕು. ಇಬ್ಬರಿಗೂ ತಮ್ಮದೇ ಅನ್ನುವ ಒಂದು ಕೆಲಸ, ವಾರಕ್ಕೆ ಕನಿಷ್ಠ ಎರಡು ಅರ್ಧದಿನ, ಇನ್ನೊಬ್ಬರು ತಲೆಹಾಕದಂಥದ್ದು ಇರಲಿ: ಓದು ಬರಹ ಕಲಿಸುವುದು, ಹೊಲಿಗೆ, ವಂಶಾವಳಿ ದಾಖಲೆ, ಆಸ್ಪತ್ರೆಯ ಭೇಟಿ, ಸಂಗೀತ, ವಾಹನಗಳ ಉಸ್ತುವಾರಿ. ವಾರದಲ್ಲಿ ಮೂರು ಹೊತ್ತಾದರೂ ಅಡುಗೆ ಗಂಡನದ್ದಾಗಲಿ. ಕೋಣೆಯಲ್ಲಿ ಒಬ್ಬೊಬ್ಬರಿಗೂ ಒಂದು ಕುರ್ಚಿ, ಒಂದು ದೀಪ, ಇನ್ನೊಬ್ಬರು ಏನೂ ಇಡದ ಒಂದು ಮೂಲೆ. ವಾರಕ್ಕೊಮ್ಮೆ ಅರ್ಧ ಗಂಟೆ ಕೂತು 'ಈ ವಾರ ನಿನಗೆ ಭಾರವಾದದ್ದು ಏನು' ಎಂದು ಕೇಳಿ, ಉತ್ತರ ಕೊಡದೆ ಕೇಳಿಸಿಕೊಳ್ಳಿ. ಸಿಡುಕು ಎರಡು ವಾರ ದಾಟಿ ಊಟ, ನಿದ್ದೆ ಕೆಟ್ಟರೆ ವೈದ್ಯರಿಗೆ ತೋರಿಸಿ. ಮರೆವು ಹೊಸದಾಗಿ ಶುರುವಾದರಂತೂ ಮುಚ್ಚಿಡಬೇಡಿ, ಹೊಸ ಜಾಗ ಅದನ್ನು ಹೆಚ್ಚಾಗಿ ಬಯಲು ಮಾಡುತ್ತದೆ.

ಯುವ ಮಿಷನರಿಗಳು, ಸ್ಥಳೀಯರು, ಹಣ

ಯುವಕರ ಮನೆಗಳ ತಪಾಸಣೆ ಹಿರಿಯ ದಂಪತಿಗೆ ಬರುವ ಸಾಮಾನ್ಯ ಹೊಣೆ. ಹೇಳಿಯೇ ಹೋಗಿ. ನೋಡಬೇಕಾದದ್ದು ಹೊಗೆ ಅಲಾರಂ ಕೂಗುತ್ತದೆಯೇ, ಗ್ಯಾಸ್ ಪೈಪಿನಲ್ಲಿ ಬಿರುಕಿದೆಯೇ, ನೀರಿನ ಫಿಲ್ಟರ್ ಎಂದು ಬದಲಾಯಿತು, ಹಾಸಿಗೆಯಲ್ಲಿ ತಿಗಣೆ ಇದೆಯೇ, ಬಾಗಿಲಿನ ಚಿಲಕ ಗಟ್ಟಿಯೇ. ಪಾತ್ರೆ ತೊಳೆದಿಲ್ಲ ಎಂಬುದನ್ನು ನೋಡಿಯೂ ನೋಡದಂತಿರಿ. ಅವರಿಗೆ ನೀವು ಅಜ್ಜ ಅಜ್ಜಿಯಂತೆ ಕಂಡರೆ ಜ್ವರ ಬಂದಾಗ, ಮನೆಯ ನೆನಪು ಕಾಡಿದಾಗ ಮೊದಲು ನಿಮಗೇ ಹೇಳುತ್ತಾರೆ. ಮೇಲ್ವಿಚಾರಕರಂತೆ ಕಂಡರೆ ಆಸ್ಪತ್ರೆ ಸೇರಿದ ಮೇಲೆ ಗೊತ್ತಾಗುತ್ತದೆ.

ಮಕ್ಕಳ ಜೊತೆ ಯಾವತ್ತೂ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬೇಡಿ. ವಯಸ್ಕರು ಇಬ್ಬರಿರಬೇಕು, ಬಾಗಿಲು ತೆರೆದಿರಬೇಕು. ವಯಸ್ಸಾದವರೆಂದು ಇದಕ್ಕೆ ರಿಯಾಯಿತಿ ಇಲ್ಲ.

ಹಣ ಕೇಳುವವರು ಖಂಡಿತ ಬರುತ್ತಾರೆ, ಕಷ್ಟವೂ ನಿಜವಾಗಿರುತ್ತದೆ. ಕೈಯಿಂದ ಕೈಗೆ ಸಾಲ ಕೊಡಬೇಡಿ. ಸಭೆಯ ನೆರವಿನ ಸಮಿತಿಗೆ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ನೀವು ಕೊಡಬಯಸುವುದನ್ನು ಆ ಸಮಿತಿಗೆ ಕೊಡಿ. ಹೀಗೆ ಮಾಡದಿದ್ದರೆ ಮುಂದೆ ಬರುವ ದಂಪತಿಯ ಬಾಗಿಲಲ್ಲೂ ಸಾಲು ನಿಲ್ಲುತ್ತದೆ, ಕೊಟ್ಟವರು ಕೊಡದವರು ಎಂಬ ಲೆಕ್ಕ ಸಭೆಯನ್ನೇ ಒಡೆಯುತ್ತದೆ. ಓದಿಸುತ್ತೇನೆ, ನಿಮ್ಮ ದೇಶಕ್ಕೆ ಕರೆಸುತ್ತೇನೆ ಎಂಬ ಮಾತು ಬಾಯಿತಪ್ಪಿಯೂ ಬೇಡ.

ನಿಮ್ಮ ಸ್ವಂತ ಹಣಕ್ಕೆ ಎರಡು ಬೇರೆ ಬ್ಯಾಂಕಿನ ಎರಡು ಕಾರ್ಡ್, ಬೇರೆ ಬೇರೆ ಜಾಗದಲ್ಲಿ. ಎಟಿಎಂ 'ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ' ಎಂದು ಕೇಳಿದರೆ ಬೇಡ ಎಂದು ಸ್ಥಳೀಯ ಹಣವನ್ನೇ ಆರಿಸಿ, ಇಲ್ಲದಿದ್ದರೆ ವಿನಿಮಯ ದರದಲ್ಲಿ ಹೆಚ್ಚು ಕಳೆದುಕೊಳ್ಳುತ್ತೀರಿ. ಸ್ವದೇಶದ ಸಿಮ್‌ಗೆ ರೋಮಿಂಗ್ ಇಟ್ಟು ಗಡುವಿಗೆ ಮೊದಲೇ ರೀಚಾರ್ಜ್ ಮಾಡುವ ಹೊಣೆಯನ್ನು ಮಕ್ಕಳಲ್ಲಿ ಒಬ್ಬರಿಗೆ ಒಪ್ಪಿಸಿ. ಸಿಮ್ ಸತ್ತರೆ ಓಟಿಪಿ ಇಲ್ಲ, ಓಟಿಪಿ ಇಲ್ಲದಿದ್ದರೆ ಪಿಂಚಣಿ ಖಾತೆಯೇ ಇಲ್ಲದಂತೆ.

ಆ ಮಗ ಅಥವಾ ಮಗಳಿಗೇ ಅಧಿಕಾರಪತ್ರವನ್ನೂ (ನಿಮ್ಮ ಪರವಾಗಿ ವ್ಯವಹರಿಸುವ ಹಕ್ಕಿನ ಪತ್ರ) ಬರೆದುಕೊಡಿ. ಸಾಧಾರಣ ಅಧಿಕಾರಪತ್ರ, ಬರೆದುಕೊಟ್ಟವರಿಗೆ ಬುದ್ಧಿ ಸ್ವಾಧೀನ ತಪ್ಪಿದರೆ ಹಲವು ದೇಶಗಳಲ್ಲಿ ರದ್ದಾಗುತ್ತದೆ. ಅಂಥ ಸ್ಥಿತಿಯಲ್ಲೂ ನಡೆಯುವಂಥದ್ದು ಬೇಕೆಂದು ವಕೀಲರಿಗೆ ಬಿಡಿಸಿ ಹೇಳಿ.

ಮನೆಯ ಕಡೆ

ಮೊಮ್ಮಕ್ಕಳ ಜೊತೆ ಮಾತಿಗೆ ವಾರದ ದಿನ, ಗಂಟೆ ಗೊತ್ತುಮಾಡಿ. ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ದೇಶವಾದರೆ ಎಚ್ಚರ: ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ, ಯುರೋಪಿನಲ್ಲಿ ಮಾರ್ಚ್ ಕೊನೆಯ ಭಾನುವಾರ. ಒಂದು ಕಡೆಯವರು ಅಮೆರಿಕದಲ್ಲಿ, ಇನ್ನೊಂದು ಕಡೆಯವರು ಯುರೋಪಿನಲ್ಲಿದ್ದರೆ ನಡುವಿನ ಎರಡು ಮೂರು ವಾರ ಲೆಕ್ಕ ಒಂದು ಗಂಟೆ ತಪ್ಪಿ, ಮಗು ಕಾದು ಕಾದು ಮಲಗಿರುತ್ತದೆ.

ಸಾವಿನ ಸುದ್ದಿ ಬಂದರೆ ಏನು ಮಾಡುವುದು ಎಂಬುದನ್ನು ಹೊರಡುವ ಮೊದಲೇ ಮಾತಾಡಿ ಮುಗಿಸಿ. ಯಾರು ತೀರಿಕೊಂಡರೆ ಇಬ್ಬರೂ ಹೋಗುವುದು, ಯಾವಾಗ ಒಬ್ಬರೇ, ಯಾವಾಗ ಇಲ್ಲೇ ಉಳಿದು ಪ್ರಾರ್ಥಿಸುವುದು. ಎರಡು ಟಿಕೆಟ್ಟಿನ ಹಣವನ್ನು ಮುಟ್ಟದೆ ಬೇರೆ ಇಡಿ. ನಿಮ್ಮ ವೀಸಾ ಒಂದೇ ಪ್ರವೇಶದ್ದಾದರೆ ಹೊರಗೆ ಕಾಲಿಟ್ಟ ಕೂಡಲೇ ಅದು ಮುಗಿಯುತ್ತದೆ. ಮರುಪ್ರವೇಶದ ಅನುಮತಿ ಬೇಕಾದ ದೇಶಗಳಲ್ಲಿ ಅದನ್ನು ದುಃಖದ ದಿನ ಓಡಾಡಿ ಪಡೆಯುವುದು ಕಷ್ಟ. ಮೊದಲೇ ಮಾಡಿಸಿಡಿ.

ಕೊನೆಯ ಆರು ವಾರ

ಹೊಸ ಕೆಲಸ ಹಿಡಿಯಬೇಡಿ. ನೀವು ಮಾಡುತ್ತಿದ್ದದ್ದನ್ನು ಸ್ಥಳೀಯರು ಮಾಡಬೇಕು, ನೀವು ಪಕ್ಕದಲ್ಲಿ ಕೂರಬೇಕು. ಫೋನ್ ಸಂಖ್ಯೆಗಳು, ಬಾಡಿಗೆ ಕರಾರಿನ ದಿನಾಂಕ, ಯಾವ ಮನೆಗೆ ಯಾವ ಪ್ಲಂಬರ್ ಎಂಬುದನ್ನೆಲ್ಲ ಒಂದೇ ಪುಸ್ತಕದಲ್ಲಿ ಬರೆದಿಡಿ. ಮನೆ ಬಿಡುವ ನೋಟಿಸನ್ನು ಕರಾರಿನಲ್ಲಿ ಹೇಳಿದಷ್ಟು ದಿನ ಮೊದಲೇ ಬರವಣಿಗೆಯಲ್ಲಿ ಕೊಡಿ. ಆಸ್ಪತ್ರೆಯಿಂದ ದಾಖಲೆಗಳ ಪ್ರತಿ, ಜೊತೆಗೆ 30 ದಿನದ ಮಾತ್ರೆ. ಅಲ್ಲಿ ಅರ್ಧ ವರ್ಷಕ್ಕಿಂತ ಹೆಚ್ಚು ಇದ್ದವರಿಗೆ ತೆರಿಗೆ ವಿವರ ಸಲ್ಲಿಸುವ ಬಾಧ್ಯತೆ ಬಂದಿರಬಹುದು, 183 ದಿನದ ಲೆಕ್ಕ ಬಹಳ ದೇಶಗಳಲ್ಲಿದೆ. ಸಂಸ್ಥೆಯ ಲೆಕ್ಕಿಗರನ್ನು ಕೇಳಿ.

ಬೀಗದ ಕೈ ಕೊಡುವ ದಿನ ಕರೆಂಟು, ನೀರು, ಗ್ಯಾಸ್ ಮೀಟರಿನ ಅಂಕಿಗಳ ಫೋಟೊ, ಖಾಲಿ ಕೋಣೆಗಳ ಫೋಟೊ ತೆಗೆದುಕೊಳ್ಳಿ. ಮನೆಯ ಮುಂಗಡ ಹಿಂದಕ್ಕೆ ಬರುವವರೆಗೆ ಅಲ್ಲಿಯ ಬ್ಯಾಂಕ್ ಖಾತೆ ಮುಚ್ಚಬೇಡಿ, ಆ ಖಾತೆಗೆ ಜೋಡಿಸಿದ ಸ್ಥಳೀಯ ಸಿಮ್ಮನ್ನೂ ಇನ್ನು ಮೂರು ತಿಂಗಳು ಜೀವಂತ ಇಡಿ.